ಬಣ್ಣದ ವೇಷಕ್ಕೆ ಕಣ್ಣು ಕೂಡಿಬರುತ್ತಿಲ್ಲ: ಬ್ಲೆಂಡರ್‌ನಲ್ಲಿ ನೋಟದ ರಿಗ್ ಬಗ್ಗೆ ಸಹಾಯ ಬೇಕು

ತೆರೆಯ ಹಿಂದೆ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಬ್ಲೆಂಡರ್ ಎಂಬ 3ಡಿ ಆ್ಯನಿಮೇಷನ್ ತಂತ್ರಾಂಶದಲ್ಲಿ ಯಕ್ಷಗಾನ ತೆಂಕುತಿಟ್ಟಿನ ಒಂದು ಬಣ್ಣದ ವೇಷವನ್ನು, ಅಂದರೆ ರಾಕ್ಷಸನಂಥ ಉಗ್ರ ಪಾತ್ರವನ್ನು, ಕಟ್ಟುತ್ತಿದ್ದೇನೆ. ಕೇಸರಿ ತಟ್ಟಿ ಎಂಬ ದೊಡ್ಡ ಕಿರೀಟ, ಮುಖದ ಮೇಲಿನ ಮುಳ್ಳುಮುಳ್ಳಾದ ಚುಟ್ಟಿ, ಎದೆಪದಕ, ಭುಜಕೀರ್ತಿ ಎಲ್ಲವೂ ಒಂದು ಹದಕ್ಕೆ ಬಂದಿವೆ. ಸನ್ನಿವೇಶ ಇಷ್ಟೇ: ತೆರೆ ಹಿಡಿದಿದ್ದಾರೆ, ಚೆಂಡೆ ಏರುತ್ತದೆ, ವೇಷ ತೆರೆಯ ಮೇಲಿನಿಂದ ಸಭೆಯನ್ನು ನೋಡುತ್ತದೆ, ಆರ್ಭಟೆ ಕೊಡುತ್ತದೆ. ಒಟ್ಟು ನಾಲ್ಕು ನಿಮಿಷ.

ನನ್ನ ಅಜ್ಜ ಬಣ್ಣದ ವೇಷ ಮಾಡುತ್ತಿದ್ದವರು. ನಾನು ಹುಟ್ಟುವ ಮೊದಲೇ ಗೆಜ್ಜೆ ಬಿಚ್ಚಿದ್ದರು. ಮನೆಯಲ್ಲಿ ಉಳಿದಿರುವುದು ಒಂದೇ ಒಂದು ಕಪ್ಪುಬಿಳುಪು ಛಾಯಾಚಿತ್ರ. ಅದನ್ನು ನೋಡುತ್ತಲೇ ಈ ಮುಖವನ್ನು ಮಾಡಿದ್ದೇನೆ.

ತೊಂದರೆಯೆಲ್ಲ ಕಣ್ಣಿನದು. ಒಂದು ಎಂಪ್ಟಿಯನ್ನು (ರೆಂಡರಿನಲ್ಲಿ ಕಾಣದ ಗುರಿಬಿಂದು) ಮುಖದ ಮುಂದೆ 20 ಸೆಂಟಿಮೀಟರ್ ದೂರದಲ್ಲಿಟ್ಟು, ಎರಡೂ ಕಣ್ಣುಗಳನ್ನು ಅದರ ಕಡೆಗೇ ತಿರುಗಿಸುವ ಟ್ರ್ಯಾಕ್ ಟು ಎಂಬ ಕನ್‌ಸ್ಟ್ರೈಂಟ್ (ಕಟ್ಟುಪಾಡು) ಹಾಕಿದ್ದೇನೆ. ನೇರ ನೋಡಿದರೆ ಎರಡು ಕಣ್ಣೂ ಮೂಗಿನ ಕಡೆಗೆ ಸೇರಿದಂತೆ ಕಾಣುತ್ತವೆ. ಪಕ್ಕಕ್ಕೆ ನೋಡಿಸಿದರೆ ಗುಡ್ಡೆ ರೆಪ್ಪೆಯನ್ನು ತೂರಿಕೊಂಡು ಹೊರಗೆ ಬರುತ್ತದೆ. ಇದೆಲ್ಲ ಸರಿಯಾದ ಒಂದೆರಡು ಫ್ರೇಮುಗಳಲ್ಲಿಯೂ ಕಣ್ಣು ತಿರುಗುತ್ತದೆಯೇ ಹೊರತು ನೋಡುವುದಿಲ್ಲ. ನನ್ನನ್ನು ಹೆಚ್ಚು ಕಾಡುತ್ತಿರುವುದು ಈ ಕೊನೆಯದು. ದಯವಿಟ್ಟು ದಾರಿ ತೋರಿಸಿ. ಕಣ್ಣುಗಳ ನಡುವಿನ ಅಂತರ 9 ಸೆಂಟಿಮೀಟರ್, ಏಕೆಂದರೆ ಮುಖವನ್ನು ಬೇಕೆಂದೇ ದೊಡ್ಡದು ಮಾಡಿದ್ದೇನೆ.

ಚಂದ್ರಗಿರಿ ತೀರ, ಕಾಸರಗೋಡು

ನೀವು ಅಳತೆ ಕೊಟ್ಟದ್ದು ಒಳ್ಳೆಯದಾಯಿತು. ಲೆಕ್ಕ ಹಾಕಿ ನೋಡಿ. 9 ಸೆಂಟಿಮೀಟರ್ ಅಂತರದ ಎರಡು ಕಣ್ಣುಗಳು 20 ಸೆಂಟಿಮೀಟರ್ ದೂರದ ಒಂದೇ ಬಿಂದುವನ್ನು ನೋಡಬೇಕಾದರೆ ಪ್ರತಿಯೊಂದು ಕಣ್ಣೂ ಸುಮಾರು 13 ಡಿಗ್ರಿ ಒಳಕ್ಕೆ ತಿರುಗಬೇಕು. ಮೂಗಿನ ತುದಿಯಲ್ಲಿ ಕುಳಿತ ನೊಣವನ್ನು ನೋಡುವವನ ಕಣ್ಣು ಅದು. ಅದೇ ಬಿಂದುವನ್ನು 2 ಮೀಟರ್ ದೂರಕ್ಕೆ ಒಯ್ದರೆ ಒಳತಿರುವು 1.3 ಡಿಗ್ರಿಗೆ ಇಳಿಯುತ್ತದೆ. ತೆರೆಯ ಹಿಂದಿನ ವೇಷ ನೋಡುವುದು ಸಭೆಯನ್ನು, ಅಂದರೆ ಇನ್ನೂ ದೂರವನ್ನು.

ಆದರೆ ಎಂಪ್ಟಿಯನ್ನು ಬರೀ ದೂರಕ್ಕೆ ಸರಿಸಿ ಕೈತೊಳೆದುಕೊಳ್ಳಬೇಡಿ. ಒಂದೊಂದು ಕಣ್ಣಿಗೆ ಒಂದೊಂದು ಗುರಿ ಬೋನ್ (ಮಾದರಿಯನ್ನು ಆಡಿಸುವ ರಿಗ್‌ನ ಮೂಳೆ) ಮಾಡಿ, ಅವುಗಳ ನಡುವೆಯೂ ಅದೇ 9 ಸೆಂಟಿಮೀಟರ್ ಇರಲಿ. ಆಗ ಎರಡೂ ನೋಟಗಳು ಸಮಾನಾಂತರವಾಗಿರುತ್ತವೆ. ಎರಡನ್ನೂ ಒಂದು ದೊಡ್ಡ ಒಡೆಯ ಬೋನಿಗೆ ಮಕ್ಕಳನ್ನಾಗಿ ಮಾಡಿ. ದಿನನಿತ್ಯದ ಕೆಲಸಕ್ಕೆ ಒಡೆಯನನ್ನು ಮಾತ್ರ ಹಿಡಿದು ಎಳೆಯುತ್ತೀರಿ. ಹತ್ತಿರದ ವಸ್ತುವನ್ನು ನೋಡಬೇಕಾದಾಗ ಮಕ್ಕಳನ್ನು ಕೊಂಚ ಹತ್ತಿರ ತರುತ್ತೀರಿ. ಈ ಮೂರು ಬೋನುಗಳಿಗೂ ಡಿಫಾರ್ಮ್ ಎಂಬ ಗುರುತನ್ನು ತೆಗೆದುಬಿಡಿ, ಇಲ್ಲವಾದರೆ ಮುಂದೊಂದು ದಿನ ಮುಖದ ಚರ್ಮ ಅವುಗಳ ಹಿಂದೆ ಹೊರಟು ನಿಂತಿರುತ್ತದೆ.

ಎರಡನೆಯದಾಗಿ, ಗುಡ್ಡೆ ರೆಪ್ಪೆಯನ್ನು ತೂರುತ್ತದೆ ಎಂದಿರಿ. ಕಣ್ಣಿನ ಬೋನ್ ಎಲ್ಲಿಂದ ಹೊರಡುತ್ತದೆ ಎಂದು ನೋಡಿ. ಅದರ ಬುಡ ಗುಡ್ಡೆಯ ನಟ್ಟನಡುವೆ ಇರಬೇಕು, ತುದಿ ನೇರ ಮುಂದಕ್ಕೆ ಚಾಚಿರಬೇಕು. ಎಡಿಟ್ ಮೋಡ್‌ನಲ್ಲಿ ಗುಡ್ಡೆಯ ನಡುಸುತ್ತನ್ನು ಆಯ್ದು, ಶಿಫ್ಟ್ ಎಸ್ ಒತ್ತಿ, ಕರ್ಸರನ್ನು ಅಲ್ಲಿಗೆ ತಂದು, ಬೋನಿನ ಬುಡವನ್ನು ಆ ಕರ್ಸರಿಗೆ ಕೂರಿಸಿ. ಕಣ್ಣಳತೆಯಲ್ಲಿ ಕೂರಿಸಬೇಡಿ. ಬುಡ 3 ಮಿಲಿಮೀಟರ್ ತಪ್ಪಿದ್ದರೂ ಕಣ್ಣು 30 ಡಿಗ್ರಿ ತಿರುಗುವಷ್ಟರಲ್ಲಿ ಗುಡ್ಡೆಯ ಕೇಂದ್ರ ಒಂದೂವರೆ ಮಿಲಿಮೀಟರ್ ಜಾರಿರುತ್ತದೆ. ರೆಪ್ಪೆಗೂ ಗುಡ್ಡೆಗೂ ನಡುವೆ ಅಷ್ಟು ಜಾಗ ಇರುವುದೇ ಇಲ್ಲ.

ಮೂರನೆಯದು, ಟ್ರ್ಯಾಕ್ ಟು ಬಿಟ್ಟು ಡ್ಯಾಂಪ್ಡ್ ಟ್ರ್ಯಾಕ್ ಬಳಸಿ. ಅಕ್ಷ ವೈ.

ಅಡಿಕೆ ತೋಟ, ಪೆರ್ಲ

ನಾನು ಕಲಿಯುತ್ತಿರುವವನು. ಡ್ಯಾಂಪ್ಡ್ ಟ್ರ್ಯಾಕ್ ಏಕೆ ಎಂದು ದಯವಿಟ್ಟು ವಿವರಿಸುತ್ತೀರಾ? ಎರಡೂ ಗುರಿಯನ್ನು ನೋಡುವ ಕೆಲಸವನ್ನೇ ಮಾಡುತ್ತವಲ್ಲ.

ಚಂದ್ರಗಿರಿ ತೀರ, ಕಾಸರಗೋಡು

ಒಳ್ಳೆಯ ಪ್ರಶ್ನೆ. ಟ್ರ್ಯಾಕ್ ಟು ಎರಡು ಹಟ ಹಿಡಿಯುತ್ತದೆ: ಒಂದು ಅಕ್ಷ ಗುರಿಯ ಕಡೆಗಿರಬೇಕು, ಇನ್ನೊಂದು ಅಕ್ಷ ಸದಾ ಮೇಲ್ಮುಖವಾಗಿರಬೇಕು. ಗುರಿ ತಲೆಯ ನೇರ ಮೇಲಕ್ಕೋ ನೇರ ಕೆಳಕ್ಕೋ ಹತ್ತಿರವಾದಾಗ ಈ ಎರಡು ಹಟಗಳು ಒಂದಕ್ಕೊಂದು ತಾಗಿ ಕಣ್ಣು ತನ್ನ ಅಚ್ಚಿನ ಮೇಲೆಯೇ ಗಿರ್ರನೆ ತಿರುಗಿಬಿಡುತ್ತದೆ. ಕಣ್ಣಿನ ಬಿಳಿಯಲ್ಲಿ ರಕ್ತನಾಳ ಬರೆದಿದ್ದರೆ ಅದು ಎದ್ದು ಕಾಣುತ್ತದೆ. ಡ್ಯಾಂಪ್ಡ್ ಟ್ರ್ಯಾಕ್‌ಗೆ ಮೇಲು ಕೆಳಗೆಂಬ ಹಟವಿಲ್ಲ. ಈಗಿರುವ ದಿಕ್ಕಿನಿಂದ ಗುರಿಯ ದಿಕ್ಕಿಗೆ ಅತ್ಯಂತ ಹತ್ತಿರದ ದಾರಿಯಲ್ಲಿ ಒಂದೇ ಒಂದು ತಿರುವು ತೆಗೆದುಕೊಂಡು ನಿಲ್ಲುತ್ತದೆ.

ಕನ್ನಡಕದಂಗಡಿ, ಮುಳ್ಳೇರಿಯ

ನಾನು ಆ್ಯನಿಮೇಷನ್ ಬಲ್ಲವಳಲ್ಲ. ಕಣ್ಣು ಪರೀಕ್ಷಿಸುವುದು ನನ್ನ ಕಸುಬು. ಆದರೆ ಮೇಲಿನ ಉತ್ತರವನ್ನು ಓದಿ ಬಹಳ ಸಂತೋಷವಾಯಿತು, ಏಕೆಂದರೆ ನಿಜವಾದ ಕಣ್ಣು ಕೂಡ ಹಾಗೆಯೇ ನಡೆದುಕೊಳ್ಳುತ್ತದೆ. ಒಂದೊಂದು ಗುಡ್ಡೆಯನ್ನು ಆರಾರು ಸ್ನಾಯುಗಳು ತಿರುಗಿಸುತ್ತವೆ. ಹಾಗಿದ್ದೂ ತಲೆ ನೆಟ್ಟಗಿದ್ದು ದೂರ ನೋಡುವಾಗ ಕಣ್ಣು ತನ್ನ ನೋಟದ ಅಚ್ಚಿನ ಮೇಲೆ ಮನಬಂದಂತೆ ಸುತ್ತುವುದಿಲ್ಲ. ನೇರ ನೋಟದಿಂದ ಹೊಸ ದಿಕ್ಕಿಗೆ ಒಂದೇ ತಿರುವಿನಲ್ಲಿ ಎಲ್ಲಿ ತಲುಪಬಹುದೋ ಅದೇ ಭಂಗಿಯಲ್ಲಿ ನಿಲ್ಲುತ್ತದೆ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಲಿಸ್ಟಿಂಗ್ ನಿಯಮ ಎನ್ನುತ್ತಾರೆ, 19ನೆಯ ಶತಮಾನದ್ದು.

ಇನ್ನೊಂದು ಮಾತು. ನೋಟ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ನೀವು ಎಷ್ಟು ಸಮಯ ಕೊಟ್ಟಿದ್ದೀರಿ? ತಿರುಗುತ್ತದೆ, ಆದರೆ ನೋಡುವುದಿಲ್ಲ ಎಂದು ಬರೆದಿದ್ದೀರಿ. ನನಗೆ ಸಂಶಯ ಬಂದದ್ದು ಅಲ್ಲಿ.

ತೆರೆಯ ಹಿಂದೆ, ಬದಿಯಡ್ಕ

ಎಡ ತುದಿಯಿಂದ ಬಲ ತುದಿಗೆ 12 ಫ್ರೇಮ್ ಕೊಟ್ಟಿದ್ದೇನೆ. ಸೆಕೆಂಡಿಗೆ 24 ಫ್ರೇಮ್, ಅಂದರೆ ಅರ್ಧ ಸೆಕೆಂಡ್. ಇನ್ನೂ ನಿಧಾನ ಮಾಡಬೇಕೇನೋ ಎಂದುಕೊಂಡಿದ್ದೆ.

ಕನ್ನಡಕದಂಗಡಿ, ಮುಳ್ಳೇರಿಯ

ಬೇಡ, ತಿರುಗಾ ಮುರುಗಾ ಆಗುತ್ತದೆ. ನಿಂತ ವಸ್ತುವಿನಿಂದ ಇನ್ನೊಂದು ನಿಂತ ವಸ್ತುವಿಗೆ ಕಣ್ಣು ಜಾರುವುದಿಲ್ಲ, ಜಿಗಿಯುತ್ತದೆ. 20 ಡಿಗ್ರಿಯ ಜಿಗಿತಕ್ಕೆ ಸುಮಾರು 65 ಮಿಲಿಸೆಕೆಂಡ್ ಸಾಕು. ನಿಮ್ಮ ಲೆಕ್ಕದಲ್ಲಿ ಅದು ಒಂದೂವರೆ ಫ್ರೇಮ್. ಜಿಗಿದ ಮೇಲೆ ನಿಲ್ಲುತ್ತದೆ, ಸಾಮಾನ್ಯವಾಗಿ 200ರಿಂದ 300 ಮಿಲಿಸೆಕೆಂಡ್, ಬೇಕಾದರೆ ಇನ್ನೂ ಹೆಚ್ಚು. ಆ ನಿಲುಗಡೆಯಲ್ಲಿಯೇ ನಾವು ನೋಡುವುದು. ಜಿಗಿಯುವಾಗ ಹೆಚ್ಚುಕಡಿಮೆ ಏನೂ ಕಾಣಿಸುವುದಿಲ್ಲ.

ನುಣುಪಾಗಿ ಜಾರುವ ಚಲನೆಯೂ ಇದೆ. ಅದು ಬರಬೇಕಾದರೆ ಎದುರಿಗೆ ಏನಾದರೂ ಚಲಿಸುತ್ತಿರಬೇಕು. ನಿಮ್ಮ ಕೋಣೆಯಲ್ಲಿ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಕಣ್ಣನ್ನು ನುಣುಪಾಗಿ ಜಾರಿಸಲು ಪ್ರಯತ್ನಿಸಿ. ಆಗುವುದಿಲ್ಲ, ತುಂಡುತುಂಡಾಗಿ ಹೋಗುತ್ತದೆ. ಈಗ ನಿಮ್ಮದೇ ಬೆರಳನ್ನು ಮುಂದೆ ಹಿಡಿದು ಸರಿಸಿ, ಅದನ್ನು ನೋಡಿ. ಕಣ್ಣು ಎಣ್ಣೆ ಹಾಕಿದಂತೆ ಜಾರುತ್ತದೆ. ನಿಮ್ಮ ವೇಷ ಯಾರೂ ಓಡಾಡದ ಸಭೆಯ ಮೇಲೆ ಜಾರುನೋಟ ಹರಿಸುತ್ತಿದೆ. ಅದಕ್ಕೇ ಅದು ಕುರುಡಾಗಿ ಕಾಣುತ್ತದೆ.

ತೆರೆಯ ಹಿಂದೆ, ಬದಿಯಡ್ಕ

ಗೋಡೆಯ ಪ್ರಯೋಗವನ್ನು ಮನೆಯವರೆಲ್ಲರಿಂದಲೂ ಮಾಡಿಸಿದೆ. ಯಾರಿಗೂ ಆಗಲಿಲ್ಲ.

12 ಫ್ರೇಮನ್ನು 2ಕ್ಕೆ ಇಳಿಸಿ, ನಡುವೆ 7 ಫ್ರೇಮ್ ನಿಲ್ಲಿಸಿ, ಮತ್ತೆ ಜಿಗಿಸಿದೆ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಆ ಮುಖ ಏನನ್ನೋ ನೋಡಿತು. ರಾತ್ರಿ ಹನ್ನೊಂದೂವರೆ ಆಗಿತ್ತು, ಹೊರಗೆ ಮಳೆ, ವಿದ್ಯುತ್ ಹೋಗಿ ಬರುತ್ತಿತ್ತು. ಉಳಿಸದೆ ಇದ್ದ ಕಡತ ಹೋಗಿಬಿಟ್ಟೀತೆಂದು ಕೈ ನಡುಗಿತು. ಉಳಿಸಿದೆ.

ಬೋನಿನ ಬುಡ ಸರಿಪಡಿಸಿದ್ದೇನೆ, ಅದು ಕಾರ್ನಿಯಾದ ಕಡೆಗೆ 4 ಮಿಲಿಮೀಟರ್ ಮುಂದಿತ್ತು. ಎರಡು ಗುರಿ, ಒಂದು ಒಡೆಯ, ಡ್ಯಾಂಪ್ಡ್ ಟ್ರ್ಯಾಕ್ ಎಲ್ಲ ಆಯಿತು. ಹೊಸ ತೊಂದರೆ ರೆಪ್ಪೆಯದು. ಮುಚ್ಚಿದ ಕಣ್ಣನ್ನು ಶೇಪ್ ಕೀ (ಉಳಿಸಿಟ್ಟ ಇನ್ನೊಂದು ಆಕಾರ) ಆಗಿ ಮಾಡಿದ್ದೇನೆ. ಪೂರ್ತಿ ತೆರೆದಾಗ ಸರಿ, ಪೂರ್ತಿ ಮುಚ್ಚಿದಾಗಲೂ ಸರಿ, ಅರ್ಧದಲ್ಲಿ ಗುಡ್ಡೆ ರೆಪ್ಪೆಯಿಂದ ಹೊರಗೆ ಬರುತ್ತದೆ.

ಚಂದ್ರಗಿರಿ ತೀರ, ಕಾಸರಗೋಡು

ಶೇಪ್ ಕೀಯಲ್ಲಿ ಪ್ರತಿ ಬಿಂದುವೂ ಹೊರಟ ಜಾಗದಿಂದ ತಲುಪುವ ಜಾಗಕ್ಕೆ ಸರಳರೇಖೆಯಲ್ಲಿ ಹೋಗುತ್ತದೆ. ರೆಪ್ಪೆ ಹೋಗಬೇಕಾದದ್ದು ಗುಡ್ಡೆಯ ಬೆನ್ನಿನ ಮೇಲೆ ಕಮಾನಿನಂತೆ. ಗುಡ್ಡವನ್ನು ಹತ್ತಿ ಇಳಿಯುವ ಬದಲು ನಿಮ್ಮ ರೆಪ್ಪೆ ಸುರಂಗ ಕೊರೆದು ದಾಟುತ್ತಿದೆ. ಅರ್ಧದಾರಿಗೆ ಇನ್ನೊಂದು ತಿದ್ದುಪಡಿ ಶೇಪ್ ಕೀ ಮಾಡಿ, 0.5ರಲ್ಲಿ ಪೂರ್ಣವಾಗಿ ಬಂದು ಎರಡೂ ತುದಿಗಳಲ್ಲಿ ಮಾಯವಾಗುವಂತೆ ಡ್ರೈವರ್ (ಒಂದು ಬೆಲೆಯಿಂದ ಇನ್ನೊಂದನ್ನು ನಡೆಸುವ ಸೂತ್ರ) ಹಾಕಬಹುದು.

ಆದರೆ ನನ್ನ ಸಲಹೆ ಬೋನ್. ಮೇಲ್ರೆಪ್ಪೆಗೆ ಒಂದು, ಕೆಳರೆಪ್ಪೆಗೆ ಒಂದು. ಬುಡ ಗುಡ್ಡೆಯ ಅದೇ ನಡುಬಿಂದುವಿನಲ್ಲಿ, ತುದಿ ರೆಪ್ಪೆಯ ಅಂಚಿನಲ್ಲಿ. ಬೋನ್ ತಿರುಗಿದರೆ ರೆಪ್ಪೆ ತಾನಾಗಿಯೇ ಕಮಾನಿನಲ್ಲಿ ನಡೆಯುತ್ತದೆ. ಕಣ್ಣಿನ ಬೋನ್ ಕೂಡ ಅಲ್ಲಿಂದಲೇ ಹೊರಡುವುದರಿಂದ ಇನ್ನೊಂದು ಲಾಭವಿದೆ. ಮೇಲ್ರೆಪ್ಪೆಯ ಬೋನಿಗೆ ಕಾಪಿ ರೊಟೇಷನ್ ಕನ್‌ಸ್ಟ್ರೈಂಟ್ ಹಾಕಿ, ಕಣ್ಣಿನ ಬೋನನ್ನು ನಕಲು ಮಾಡಿಸಿ, ಎರಡೂ ಕಡೆ ಲೋಕಲ್ ಸ್ಪೇಸ್, ಪ್ರಭಾವ 0.6ರ ಸುಮಾರು. ಕೆಳರೆಪ್ಪೆಗೆ 0.3. ಈ ಅಂಕಿಗಳು ನನ್ನ ಕೈಯ ರುಚಿ, ನೀವು ಬದಲಿಸಿಕೊಳ್ಳಿ. ಎಲ್ಲ ಬೋನುಗಳ ರೋಲ್ (ತನ್ನ ಉದ್ದದ ಸುತ್ತಲಿನ ತಿರುವು) ಒಂದೇ ಆಗಿರಲಿ, ಇಲ್ಲವಾದರೆ ಕಣ್ಣು ಮೇಲೆ ನೋಡಿದಾಗ ರೆಪ್ಪೆ ಪಕ್ಕಕ್ಕೆ ಓಡುತ್ತದೆ. ಮಿಕ್ಸ್ ಎಂಬಲ್ಲಿ ರಿಪ್ಲೇಸ್ ಬದಲು ಬಿಫೋರ್ ಒರಿಜಿನಲ್ ಇಡಿ, ಆಗ ನೀವು ಕೈಯಿಂದ ಕೊಟ್ಟ ಕಣ್ಣುಮಿಟುಕು ಅಳಿಸಿಹೋಗುವುದಿಲ್ಲ.

ಕೆಳಗೆ ನೋಡುವಾಗ ರೆಪ್ಪೆ ಇಳಿಯಲೇಬೇಕು. ಇಳಿಯದಿದ್ದರೆ ಪಾಪೆಯ ಮೇಲೆ ಬಿಳಿ ಕಾಣುತ್ತದೆ, ಪಾತ್ರ ಬೆದರಿದಂತೆ ಆಗುತ್ತದೆ. ಈ ಅನುಸರಣೆಯನ್ನು ರಿಗ್‌ನಲ್ಲಿಯೇ ಭದ್ರವಾಗಿ ಕೂರಿಸಿ, ಆ್ಯನಿಮೇಟರಿನ ಕೈಗೆ ಬಿಡಬೇಡಿ.

ಪಯಸ್ವಿನಿ, ಅಡೂರು

ರೆಪ್ಪೆಯನ್ನು ಕನ್‌ಸ್ಟ್ರೈಂಟ್ ಬದಲು ಡ್ರೈವರಿನಿಂದ ನಡೆಸುವವರಿಗೆ ಒಂದು ಎಚ್ಚರಿಕೆ. ಎರಡು ದಿನ ಇದರಲ್ಲಿ ಕಳೆದುಕೊಂಡಿದ್ದೇನೆ. ಡ್ರೈವರಿನಲ್ಲಿ ಕಣ್ಣಿನ ಬೋನಿನ ರೊಟೇಷನ್ ಗುಣವನ್ನು ಸಿಂಗಲ್ ಪ್ರಾಪರ್ಟಿಯಾಗಿ ನೇರ ಓದಿದರೆ ಸದಾ ಸೊನ್ನೆ ಬರುತ್ತದೆ. ಏಕೆಂದರೆ ಆ ಬೋನನ್ನು ನಾವು ತಿರುಗಿಸಿಲ್ಲ, ಕನ್‌ಸ್ಟ್ರೈಂಟ್ ತಿರುಗಿಸಿದೆ. ಟ್ರಾನ್ಸ್‌ಫಾರ್ಮ್ ಚಾನೆಲ್ ಆರಿಸಿ, ಅದರಲ್ಲಿಯೂ ಟ್ರಾನ್ಸ್‌ಫಾರ್ಮ್ ಸ್ಪೇಸ್ ಅಲ್ಲ, ಲೋಕಲ್ ಸ್ಪೇಸ್ ಆರಿಸಿ. ಕನ್‌ಸ್ಟ್ರೈಂಟಿನ ಫಲ ಸೇರಿರುವುದು ಲೋಕಲ್ ಸ್ಪೇಸ್‌ನಲ್ಲಿ.

ಗೇಮ್ ಎಂಜಿನ್‌ಗೆ ಒಯ್ಯುವ ಆಲೋಚನೆ ಇದ್ದರೆ ಈ ಕನ್‌ಸ್ಟ್ರೈಂಟುಗಳು ಜೊತೆಗೆ ಬರುವುದಿಲ್ಲ. ವಿಷುವಲ್ ಕೀಯಿಂಗ್ ಹಾಕಿ ಬೇಕ್ ಮಾಡಿ, ಅಂದರೆ ಕಣ್ಣಿಗೆ ಕಾಣುವ ಚಲನೆಯನ್ನೇ ಕೀಗಳಾಗಿ ಬರೆದು, ಕಳಿಸಬೇಕು.

ಚೌಕಿಯ ದೀಪ, ಕುಂಬಳೆ

ಇಪ್ಪತ್ತು ವರ್ಷಗಳಿಂದ ಹವ್ಯಾಸಿಯಾಗಿ ವೇಷ ಮಾಡುತ್ತಿದ್ದೇನೆ, ಹೆಚ್ಚಾಗಿ ಬಣ್ಣದ ವೇಷ. ಕಂಪ್ಯೂಟರಿನ ಮಾತು ನನಗೆ ಅರ್ಧ ಅರ್ಥವಾಯಿತು. ಆದರೆ ರೆಪ್ಪೆ ಇಳಿಯಲೇಬೇಕು ಎಂಬ ಮಾತಿಗೆ ನನ್ನ ವಿರೋಧವಿದೆ.

ಚುಟ್ಟಿ ಇಟ್ಟುಕೊಂಡು ಒಮ್ಮೆ ಕುಳಿತು ನೋಡಿ. ಅಕ್ಕಿಹಿಟ್ಟು ಸುಣ್ಣದ ಆ ಮುಳ್ಳುಗಳು ಒಣಗುತ್ತ ಒಣಗುತ್ತ ಕೆನ್ನೆಯ ಚರ್ಮವನ್ನು ಬಿಗಿಯುತ್ತವೆ. ಗಂಟೆ ಕಳೆಯುವಷ್ಟರಲ್ಲಿ ಕೆನ್ನೆ ನಿಮ್ಮ ಮಾತು ಕೇಳುವುದಿಲ್ಲ. ನಗು, ಸಿಟ್ಟು, ಅಸಡ್ಡೆ ಯಾವುದನ್ನೂ ಕೆನ್ನೆಯಲ್ಲಿ ತೋರಿಸಲಾಗದು. ಉಳಿಯುವುದು ಕಣ್ಣೊಂದೇ. ಅದಕ್ಕೇ ಕಾಡಿಗೆ ಅಷ್ಟು ದಪ್ಪ, ಅದಕ್ಕೇ ಸುತ್ತಲೂ ಅಷ್ಟು ಬಿಳಿ, ಕೆಂಪು.

ತೆರೆಯ ಮೇಲಿನಿಂದ ನೋಡುವಾಗ ವೇಷಧಾರಿ ಗಲ್ಲವನ್ನು ಎತ್ತಿರುತ್ತಾನೆ, ತಲೆಯ ಮೇಲೆ ಅಷ್ಟು ಭಾರವಿದೆ. ಸಭೆ ಕೆಳಗಿದೆ. ಗಲ್ಲ ಮೇಲೆ, ನೋಟ ಕೆಳಗೆ, ಆದರೆ ರೆಪ್ಪೆ ಇಳಿಸಬಾರದು. ಇಳಿಸಿದರೆ ನಿದ್ದೆಗಣ್ಣಾಗುತ್ತದೆ. ರೆಪ್ಪೆಯನ್ನು ಎತ್ತಿ ಹಿಡಿದು ಪಾಪೆಯನ್ನು ಮಾತ್ರ ಕೆಳಗಿಳಿಸಿದಾಗ ಮೇಲೊಂದು ಬಿಳಿಯ ಅರ್ಧಚಂದ್ರ ಕಾಣುತ್ತದೆ. ದೂರದಲ್ಲಿ, ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕುಳಿತ ಮಗುವನ್ನು ಹೆದರಿಸುವುದು ಅದೇ ಬಿಳಿ.

ನಿಮ್ಮ ಅಜ್ಜನ ಛಾಯಾಚಿತ್ರವನ್ನು ನೋಡಿ ಹೇಳಿ. ಪಾಪೆಯ ಮೇಲೆ ಬಿಳಿ ಇದೆಯೇ?

ತೆರೆಯ ಹಿಂದೆ, ಬದಿಯಡ್ಕ

ಭೂತಗನ್ನಡಿ ಹಿಡಿದು ನೋಡಿದೆ. ಇದೆ. ಎರಡೂ ಕಣ್ಣಿನಲ್ಲಿ, ಉಗುರಿನ ಬುಡದ ಚಂದ್ರನಂತೆ ತೆಳ್ಳಗೆ. ಪಾಪೆಯ ಕೆಳಭಾಗ ಕೆಳರೆಪ್ಪೆಯೊಳಗೆ ಮುಳುಗಿದೆ. ಇಷ್ಟು ದಿನ ಅದನ್ನು ಹಳೆಯ ಕಾಗದದ ಸವೆತ ಎಂದುಕೊಂಡು ಮಾದರಿಯಲ್ಲಿ ಪಾಪೆಯನ್ನು ನಟ್ಟನಡುವೆ ಕೂರಿಸಿದ್ದೆ.

ಚಂದ್ರಗಿರಿ ತೀರ, ಕಾಸರಗೋಡು

ಚೌಕಿಯ ದೀಪ ಅವರೇ, ನೀವು ಹೇಳಿದ್ದು ಸರಿ, ನಾನು ಹೇಳಿದ್ದು ಎಲ್ಲ ಪಾತ್ರಕ್ಕೂ ಒಂದೇ ಅಳತೆಯ ಅಂಗಿ ಹೊಲಿದಂತೆ ಆಯಿತು. ನಾನು ಕಲಿತದ್ದು ಸಾಮಾನ್ಯ ಮನುಷ್ಯರ ಮುಖದ ಮೇಲೆ. ಅಲ್ಲಿ ಆ ಬಿಳಿ ದೋಷ. ಇಲ್ಲಿ ಅದು ವೇಷದ ಒಂದು ಭಾಗ.

ಹಾಗಾದರೆ ಅನುಸರಣೆಯನ್ನು ಕಿತ್ತುಹಾಕಬೇಕಿಲ್ಲ, ಅದಕ್ಕೊಂದು ಹಿಡಿ ಕೊಡೋಣ. ಒಡೆಯ ಬೋನಿನ ಮೇಲೆ 0ಯಿಂದ 1ರ ತನಕ ಹೋಗುವ ಒಂದು ಕಸ್ಟಮ್ ಪ್ರಾಪರ್ಟಿ ಮಾಡಿ, ರೆಪ್ಪೆ ಅನುಸರಣೆ ಎಂದು ಹೆಸರಿಡಿ. ಕಾಪಿ ರೊಟೇಷನ್ನಿನ ಪ್ರಭಾವಕ್ಕೆ ಡ್ರೈವರ್ ಹಾಕಿ, ಆ ಗುಣವನ್ನು 0.6ರಿಂದ ಗುಣಿಸಿ. 1 ಇಟ್ಟರೆ ರೆಪ್ಪೆ ನೋಟದ ಜೊತೆ ಇಳಿಯುತ್ತದೆ, 0 ಇಟ್ಟರೆ ಅಲುಗಾಡದೆ ನಿಲ್ಲುತ್ತದೆ. ಅದಕ್ಕೆ ಕೀಫ್ರೇಮ್ ಕೊಡಬಹುದು. ವೇಷ ಸುಮ್ಮನೆ ನಿಂತಾಗ 1, ರೌದ್ರ ಏರುತ್ತಿದ್ದಂತೆ 0. ಮೇಲ್ರೆಪ್ಪೆಗೆ ಒಂದು, ಕೆಳರೆಪ್ಪೆಗೆ ಇನ್ನೊಂದು ಹಿಡಿ ಇದ್ದರೆ ಇನ್ನೂ ಒಳ್ಳೆಯದು.

ಅಡಿಕೆ ತೋಟ, ಪೆರ್ಲ

ಇದನ್ನು ಓದುವಾಗ ನಾಟ್ಯಶಾಸ್ತ್ರದ ಎಂಟನೆಯ ಅಧ್ಯಾಯ ನೆನಪಾಯಿತು, ಪದವಿ ತರಗತಿಯಲ್ಲಿ ಪಾಠವಾಗಿತ್ತು. ಅದರಲ್ಲಿ ಗುಡ್ಡೆಯ ಚಲನೆ ಬೇರೆ, ರೆಪ್ಪೆಯ ಚಲನೆ ಬೇರೆ, ಹುಬ್ಬಿನ ಚಲನೆ ಬೇರೆ. ತಾರಾಕರ್ಮ 9, ಪುಟಕರ್ಮ 9, ಭ್ರೂಕರ್ಮ 7. ಪುಟ ಎಂದರೆ ರೆಪ್ಪೆ. ಈ ಮೂರನ್ನೂ ಬೇರೆ ಬೇರೆ ಕೂಡಿಸಿ 36 ದೃಷ್ಟಿಗಳನ್ನು ಹೇಳಿದ್ದಾರೆ. ರೌದ್ರೀ ದೃಷ್ಟಿಯ ಲಕ್ಷಣದಲ್ಲಿ ರೆಪ್ಪೆಯೂ ತಾರೆಯೂ ಮೇಲೆದ್ದು ಸ್ತಬ್ಧವಾಗಿರುತ್ತವೆ, ಹುಬ್ಬು ಗಂಟಿಕ್ಕಿರುತ್ತದೆ. ಚೌಕಿಯ ದೀಪ ಅವರು ಹೇಳಿದ ಎತ್ತಿಹಿಡಿದ ರೆಪ್ಪೆ ಅಲ್ಲಿಯೂ ಇದೆ.

ರಿಗ್‌ನ ಬೋನುಗಳಿಗೆ ತಾರಾ, ಪುಟ, ಭ್ರೂ ಎಂದೇ ಹೆಸರಿಡಬಾರದೇಕೆ? ಭಂಗಿಗಳ ಸಂಗ್ರಹ ಮಾಡುವಾಗ ಅಭಿನಯದರ್ಪಣದ ಎಂಟು ದೃಷ್ಟಿಗಳಿಂದ ಶುರು ಮಾಡಬಹುದು: ಸಮ, ಆಲೋಕಿತ, ಸಾಚಿ, ಪ್ರಲೋಕಿತ, ನಿಮೀಲಿತ, ಉಲ್ಲೋಕಿತ, ಅನುವೃತ್ತ, ಅವಲೋಕಿತ. ಸಾಚಿ ಎಂದರೆ ಓರೆನೋಟ, ಉಲ್ಲೋಕಿತ ಮೇಲ್ನೋಟ, ಅವಲೋಕಿತ ಕೆಳನೋಟ. ಪ್ರಲೋಕಿತ ಪಕ್ಕದಿಂದ ಪಕ್ಕಕ್ಕೆ ಹೋಗುವುದು, ಅದು ಭಂಗಿಯಲ್ಲ, ಚಲನೆ. ಅದನ್ನು ಪುಟ್ಟ ಆ್ಯಕ್ಷನ್ ಆಗಿ ಉಳಿಸಬೇಕಾದೀತು.

ಚಂದ್ರಗಿರಿ ತೀರ, ಕಾಸರಗೋಡು

ಹೆಸರುಗಳು ಬಹಳ ಚೆನ್ನಾಗಿವೆ, ಖಂಡಿತ ಇಡಿ. ಕೊನೆಯಲ್ಲಿ ಮಾತ್ರ ಡಾಟ್ ಎಲ್, ಡಾಟ್ ಆರ್‌ನಂಥ ಎಡಬಲದ ಗುರುತು ಇರಲೇಬೇಕು. ಇಲ್ಲದಿದ್ದರೆ ಸಿಮೆಟ್ರೈಸ್ ಕೆಲಸ ಮಾಡುವುದಿಲ್ಲ, ಭಂಗಿಯನ್ನು ಎಡದಿಂದ ಬಲಕ್ಕೆ ತಿರುಗಿಸಿ ಅಂಟಿಸಲೂ ಆಗುವುದಿಲ್ಲ.

ತೆರೆಯ ಹಿಂದೆ, ಬದಿಯಡ್ಕ

ಈ ವಾರ ಮಾಡಿದ್ದನ್ನು ಹೇಳುತ್ತೇನೆ. ಹೊಸ ರೆಪ್ಪೆ ಬೋನುಗಳನ್ನು ಹಾಕಿ ಆಟೊಮ್ಯಾಟಿಕ್ ವೇಟ್ (ಯಾವ ಬೋನ್ ಮೇಲ್ಮೈಯನ್ನು ಎಷ್ಟು ಎಳೆಯಬೇಕೆಂಬ ಅಳತೆ) ಕೊಟ್ಟೆ. ಕಣ್ಣು ಮುಚ್ಚಿದಾಗ ಚುಟ್ಟಿಯ ಮುಳ್ಳುಗಳೆಲ್ಲ ಹುಲ್ಲು ಬಾಗಿದಂತೆ ಕೆಳಗೆ ಬಾಗಿದವು. ರೆಪ್ಪೆಯ ವೇಟ್ ಚುಟ್ಟಿಯೊಳಗೆ ಸೋರಿತ್ತು. ಚುಟ್ಟಿಯನ್ನು ಬೇರೆ ಮೆಶ್ ಮಾಡಿ, ಪೂರ್ತಿಯಾಗಿ ತಲೆಯ ಬೋನಿಗೆ ಮಾತ್ರ ಕಟ್ಟಿದೆ, ವೇಟ್ 1. ಈಗ ಕಲ್ಲಿನಂತೆ ನಿಂತಿದೆ, ನಿಜವಾದ ಚುಟ್ಟಿಯೂ ಹಾಗೆಯೇ ತಾನೆ. ಹುಬ್ಬನ್ನು ರೆಪ್ಪೆಯಿಂದ ಬಿಡಿಸಿ ಬೇರೆ ಮಾಡಿದೆ.

ಗುಡ್ಡೆ ನಿಜವಾಗಿ ಉರುಟಾಗಿರಲಿಲ್ಲ, ಎತ್ತರಕ್ಕಿಂತ ಅಗಲ ಹೆಚ್ಚು ಇಟ್ಟಿದ್ದೆ. ತಿರುಗಿಸಿದಾಗ ಮೊಟ್ಟೆ ಉರುಳಿದಂತೆ ಆಗುತ್ತಿತ್ತು. ಒಬ್ಬ ಸ್ನೇಹಿತರು ಹೇಳಿದಂತೆ ಗುಡ್ಡೆಯನ್ನು ಪೂರ್ಣ ಉರುಟು ಮಾಡಿ, ಬೋನುಗಳಿಂದ ತಿರುಗಿಸುವ ಆರ್ಮೇಚರ್ ಮಾಡಿಫೈಯರಿನ ಕೆಳಗೆ ಲ್ಯಾಟಿಸ್ (ಆಕಾರ ಬಗ್ಗಿಸುವ ಚೌಕಟ್ಟು) ಹಾಕಿ, ಲ್ಯಾಟಿಸ್‌ನಿಂದ ಅಗಲಿಸಿದೆ. ಮೊದಲು ಉರುಟಾಗಿ ತಿರುಗುತ್ತದೆ, ಆಮೇಲೆ ಚಪ್ಪಟೆಯಾಗುತ್ತದೆ. ಮೊಟ್ಟೆಯ ಉರುಳಾಟ ನಿಂತಿತು.

ಈಗ ಉಳಿದ ಗೊಂದಲ ಗುರಿಯದು. ತೆರೆಯ ಹಿಂದೆ ವೇಷ ತಲೆ ಕೊಡವುತ್ತದೆ. ಗುರಿ ತಲೆಗೆ ಮಗುವಾಗಿರುವುದರಿಂದ ಕಣ್ಣೂ ಸಭೆಯನ್ನು ಬಿಟ್ಟು ತಲೆಯ ಜೊತೆಗೇ ಕುಣಿಯುತ್ತದೆ.

ಕನ್ನಡಕದಂಗಡಿ, ಮುಳ್ಳೇರಿಯ

ತಲೆ ಅಲುಗಿದಾಗ ಕಣ್ಣು ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ತಿರುಗಿ ನೋಟವನ್ನು ನಿಲ್ಲಿಸಿಕೊಳ್ಳುತ್ತದೆ. ಒಳಕಿವಿಯ ಸಮತೋಲನದ ಅಂಗದಿಂದ ಬರುವ ಪ್ರತಿಕ್ರಿಯೆ ಅದು. ಇದೇ ಸಾಲನ್ನು ಓದುತ್ತ ತಲೆಯನ್ನು ಅತ್ತಿತ್ತ ಆಡಿಸಿ, ಅಕ್ಷರ ಓದಲು ಬರುತ್ತದೆ. ತಲೆಯನ್ನು ನಿಲ್ಲಿಸಿ ಮೊಬೈಲನ್ನು ಅಷ್ಟೇ ವೇಗದಲ್ಲಿ ಆಡಿಸಿ, ಅಕ್ಷರ ಕಲಸಿಹೋಗುತ್ತದೆ.

ಚಂದ್ರಗಿರಿ ತೀರ, ಕಾಸರಗೋಡು

ಒಡೆಯ ಬೋನಿಗೆ ತಂದೆ ಬೇಡ. ಅದರ ಮೇಲೆ ಎರಡು ಚೈಲ್ಡ್ ಆಫ್ ಕನ್‌ಸ್ಟ್ರೈಂಟ್ ಹಾಕಿ, ಒಂದಕ್ಕೆ ತಲೆ, ಇನ್ನೊಂದಕ್ಕೆ ರೂಟ್ (ಇಡೀ ಪಾತ್ರದ ಬುಡದ ಬೋನ್). ಎರಡಕ್ಕೂ ಸೆಟ್ ಇನ್‌ವರ್ಸ್ ಒತ್ತಿ. ಒಂದು ಕಸ್ಟಮ್ ಪ್ರಾಪರ್ಟಿಯಿಂದ ಎರಡರ ಪ್ರಭಾವವನ್ನೂ ನಡೆಸಿ, ಒಂದು 1 ಆದಾಗ ಇನ್ನೊಂದು 0 ಆಗುವಂತೆ. ತೆರೆಯ ದೃಶ್ಯದಲ್ಲಿ ರೂಟ್ ಇಡಿ. ಕೇಸರಿ ತಟ್ಟಿ ಎಷ್ಟು ಅಲುಗಿದರೂ ಕಣ್ಣು ಸಭೆಯ ಮೇಲೆ ನೆಟ್ಟಿರುತ್ತದೆ. ದೃಶ್ಯದ ನಡುವೆ ಬದಲಿಸುವುದಾದರೆ ಆ ಫ್ರೇಮಿನಲ್ಲಿ ಗುರಿ ಹಾರಿಹೋಗುತ್ತದೆ. ಹಿಂದಿನ ಫ್ರೇಮಿಗೆ ಕೀ ಹಾಕಿ, ಬದಲಿಸಿದ ಫ್ರೇಮಿನಲ್ಲಿ ಗುರಿಯನ್ನು ಹಳೆಯ ಜಾಗಕ್ಕೇ ತಂದು ಇನ್ನೊಂದು ಕೀ ಹಾಕಿ.

ಇನ್ನೊಂದು. ಜನಸಾಮಾನ್ಯರ ಪಾತ್ರಗಳಲ್ಲಿ ಕಣ್ಣು ಮೊದಲು, ತಲೆ ಎರಡು ಮೂರು ಫ್ರೇಮ್ ಆಮೇಲೆ. ಇಲ್ಲಿಯೂ ಹಾಗೆಯೇ ಮಾಡಿ.

ಚೌಕಿಯ ದೀಪ, ಕುಂಬಳೆ

ಇಲ್ಲಿ ಹಾಗಲ್ಲ ಎಂದು ಮತ್ತೆ ಹೇಳಬೇಕಾಗಿದೆ, ಕ್ಷಮಿಸಿ. ನಮ್ಮ ಕಾಸರಗೋಡಿನಲ್ಲಿ ಸೂತ್ರದ ಯಕ್ಷಗಾನ ಬೊಂಬೆಯಾಟ ಇದೆಯಲ್ಲ, ಅದನ್ನು ಒಮ್ಮೆ ಹತ್ತಿರದಿಂದ ನೋಡಿ. ನಾನು ನೋಡಿದ ಬೊಂಬೆಗಳ ಕಣ್ಣು ಬರೆದದ್ದು, ತಿರುಗುವುದಿಲ್ಲ. ಆದರೂ ಬೊಂಬೆ ಯಾರನ್ನು ನೋಡುತ್ತಿದೆ ಎಂದು ಚಿಕ್ಕ ಮಗುವಿಗೂ ಗೊತ್ತಾಗುತ್ತದೆ. ಕುತ್ತಿಗೆಯ ನೂಲೊಂದು ಸರಕ್ಕನೆ ಬಿಗಿಯುತ್ತದೆ, ತಲೆ ತಿರುಗಿ ತಾಳದ ಮೇಲೆ ನಿಲ್ಲುತ್ತದೆ. ಆ ನಿಲುವೇ ನೋಟ.

ಬಣ್ಣದ ವೇಷದಲ್ಲಿಯೂ ಚೆಂಡೆಯ ಪೆಟ್ಟಿಗೆ ತಲೆ ಮೊದಲು ತಿರುಗಿ ನಿಲ್ಲುವುದುಂಟು. ಆಮೇಲೆ ಒಂದು ಕ್ಷಣ ಬಿಟ್ಟು ಕಣ್ಣು ಹೊರಳುತ್ತದೆ. ಆ ಒಂದು ಕ್ಷಣದಲ್ಲಿ ಸಭೆಯ ಉಸಿರು ನಿಂತಿರುತ್ತದೆ. ಕಣ್ಣು ಮೊದಲು ಹೋದರೆ ಅದು ಕಳ್ಳನೋಟ, ಪುಂಡುವೇಷಕ್ಕೋ ಹಾಸ್ಯಕ್ಕೋ ಒಪ್ಪೀತು.

ಚಂದ್ರಗಿರಿ ತೀರ, ಕಾಸರಗೋಡು

ಎರಡನ್ನೂ ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ, ಒಂದು ಬರೀ ಗೋಳದ ಮೇಲೆ ಎರಡು ಕಣ್ಣು ಹಚ್ಚಿ. ತಲೆ ನಿಂತು, 6 ಫ್ರೇಮ್ ಬಿಟ್ಟು, ಕಣ್ಣು 2 ಫ್ರೇಮಿನಲ್ಲಿ ಹೊರಳಿದಾಗ ಗೋಳಕ್ಕೂ ಗಾಂಭೀರ್ಯ ಬಂತು. ಒಪ್ಪಿದೆ. ನಾಳೆಯಿಂದ ನನ್ನ ಕೆಲಸದಲ್ಲಿಯೂ ಖಳಪಾತ್ರಗಳಿಗೆ ಇದನ್ನು ಬಳಸಿ ನೋಡುತ್ತೇನೆ.

ತೆರೆಯ ಹಿಂದೆ, ಬದಿಯಡ್ಕ

ಚಿತ್ರ ಮುಗಿಯಲು ಇನ್ನೂ ಸಮಯವಿದೆ, ತೆರೆಯ ದೃಶ್ಯ ಮಾತ್ರ ರೆಂಡರ್ ಆಯಿತು. ಒಂದು ಫ್ರೇಮಿನ ವಿವರ ಬರೆಯುತ್ತೇನೆ, 212ನೆಯದು. ಗಲ್ಲ 14 ಡಿಗ್ರಿ ಮೇಲೆ. ನೋಟ 22 ಡಿಗ್ರಿ ಕೆಳಗೆ. ಮೇಲ್ರೆಪ್ಪೆಯ ಅನುಸರಣೆ 0. ಕೆಳರೆಪ್ಪೆ 0.35ರಷ್ಟು ಮೇಲೆ. ಗುರಿ ರೂಟಿನ ವಶದಲ್ಲಿದೆ. 204ರಲ್ಲಿ ತಲೆ ನಿಂತಿದೆ, 210ರಲ್ಲಿ ಕಣ್ಣು ಹೊರಟಿದೆ, 212ರಲ್ಲಿ ತಲುಪಿದೆ. ಅಲ್ಲಿಂದ 31 ಫ್ರೇಮ್ ರೆಪ್ಪೆ ಬಡಿಯುವುದಿಲ್ಲ, ಏನೂ ಅಲುಗುವುದಿಲ್ಲ.

ಅಮ್ಮನನ್ನು ಕರೆದು ತೋರಿಸಿದೆ. ಅಮ್ಮ ಚಿಕ್ಕವಳಿದ್ದಾಗ ಅಜ್ಜನ ವೇಷವನ್ನು ಸಭೆಯಲ್ಲಿ ಕುಳಿತು ನೋಡಿದವರು. ಮಾತಾಡಲಿಲ್ಲ. ಎರಡನೆಯ ಸಲ ಹಾಕು ಎಂದರು. ಆಮೇಲೆ, ಬೆಳಕು ಕೆಳಗಿನಿಂದ ಬರಬೇಕು, ದೀವಟಿಗೆ ಕೆಳಗಿರುತ್ತಿತ್ತು ಎಂದರು. ಬೆಳಕನ್ನು ಬದಲಿಸುತ್ತಿದ್ದೇನೆ.

ಚಿತ್ರವನ್ನು ಇಲ್ಲಿ ಹಾಕಿದ್ದೇನೆ, ಛಾಯಾಚಿತ್ರದ ಪಕ್ಕದಲ್ಲಿ.

ಚೌಕಿಯ ದೀಪ, ಕುಂಬಳೆ

ನೋಡಿದೆ. ಬಿಳಿ ಸರಿಯಾಗಿದೆ. ಎಡಗಣ್ಣಿನ ಕೆಳರೆಪ್ಪೆ ಛಾಯಾಚಿತ್ರದಲ್ಲಿ ಬಲಗಣ್ಣಿಗಿಂತ ಕೂದಲೆಳೆಯಷ್ಟು ಮೇಲಿದೆ. ಅದು ಅವರದ್ದೇ ರೀತಿಯಾಗಿರಬೇಕು. ಎರಡನ್ನೂ ಒಂದೇ ಸಮ ಮಾಡಬೇಡಿ.

ತೆರೆಯ ಹಿಂದೆ, ಬದಿಯಡ್ಕ

ಎಡಕ್ಕೆ 0.35ರಿಂದ 0.45 ಮಾಡಿದೆ. ಬಲ ಹಾಗೆಯೇ ಇದೆ. ರೆಂಡರ್ ಹಾಕಿ ಮಲಗುತ್ತೇನೆ, ಬೆಳಿಗ್ಗೆ ಹಾಕುತ್ತೇನೆ.